ಶಿಫ್ಟ್ ಬದಲಾಗುವ ಹತ್ತು ನಿಮಿಷ

(ಮಂಡ್ಯದಲ್ಲಿ ಐಟಿಐ, ಡಿಪ್ಲೊಮಾ, ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ನನಗೆ ಕೊಟ್ಟ ವಿಷಯ ‘ಸಂವಹನ ಕೌಶಲ’. ಈ ಹೆಸರು ಕೇಳಿ ಇಂಗ್ಲಿಷ್ ಕ್ಲಾಸ್ ಇರಬೇಕು ಅಂದುಕೊಂಡು ಬಂದವರು ಕೈ ಎತ್ತಿ. ನೋಡಿ, ಅರ್ಧ ಹಾಲ್ ಕೈ ಎತ್ತಿದೆ. ಉಳಿದರ್ಧ ಜನ ಟೈ ಕಟ್ಟೋದು, ಕೈ ಕುಲುಕೋದು, ಬೆನ್ನು ನೆಟ್ಟಗೆ ಮಾಡಿ ಕೂರೋದು ಹೇಳಿಕೊಡುತ್ತಾರೆ ಅಂತ ಬಂದಿದ್ದೀರಿ. ಇವತ್ತು ಎರಡೂ ಇಲ್ಲ. ಊಟ ಇದೆಯಂತೆ, ಅದಕ್ಕಾದರೂ ಕೂತಿರಿ.

ಟೈ ವಿಷಯ ಮೊದಲು ಮುಗಿಸಿಬಿಡೋಣ. ವ್ಯಕ್ತಿತ್ವ ವಿಕಸನದ ಯಾವ ಶಿಬಿರಕ್ಕೆ ಹೋದರೂ ಒಂದು ಸ್ಲೈಡ್ ಇದ್ದೇ ಇರುತ್ತೆ. ನಾವು ಹೇಳುವುದರಲ್ಲಿ ಶೇ. 55 ಹಾವಭಾವ, ಶೇ. 38 ದನಿ, ಮಾತಿಗೆ ಬರೀ ಶೇ. 7 ಅಂತ. ನೀವೂ ನೋಡಿರುತ್ತೀರಿ. ಈ ಅಂಕಿ ಬಂದದ್ದು ಅಮೆರಿಕದ ಆಲ್ಬರ್ಟ್ ಮೆಹ್ರಾಬಿಯನ್ ಅನ್ನುವ ಮನಶ್ಶಾಸ್ತ್ರಜ್ಞರ 1967ರ ಪ್ರಯೋಗಗಳಿಂದ. ಅವರು ಮಾಡಿದ್ದು ಇಷ್ಟೇ. ಒಂದೊಂದೇ ಪದವನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿದರು, ಜೊತೆಗೆ ಮುಖದ ಫೋಟೋ ತೋರಿಸಿದರು, ಹೇಳಿದವರಿಗೆ ಇಷ್ಟ ಇದೆಯೋ ಇಲ್ಲವೋ ಅಂತ ಊಹಿಸಲು ಹೇಳಿದರು. ಮನಸ್ಸಿನ ಭಾವ ಅಳೆಯೋಕೆ ಮಾಡಿದ ಲೆಕ್ಕ ಅದು. ಇದನ್ನು ಎಲ್ಲ ಮಾತಿಗೂ ಹಚ್ಚಬೇಡಿ ಅಂತ ಆಮೇಲೆ ಅವರೇ ಹೇಳಿದ್ದಾರೆ. ಮಾತಿಗೆ ಶೇ. 7 ಮಾತ್ರ ಅನ್ನೋದು ನಿಜವಾಗಿದ್ದರೆ, ಜಪಾನೀ ಭಾಷೆಯ ಸಿನಿಮಾ ನಮಗೆ ಶೇ. 93 ಅರ್ಥ ಆಗಬೇಕಿತ್ತು, ಅಲ್ವಾ? ‘ಬೇರಿಂಗ್ ಸವೆದಿದೆ, ಮೆಷಿನ್ ನಿಲ್ಲಿಸಿ’ ಅನ್ನೋದನ್ನು ಹಾವಭಾವದಲ್ಲಿ ಹೇಳಿ ನೋಡೋಣ.

ಬೇರಿಂಗ್ ಯಾಕೆ ಬಂತು ಅಂದರೆ, ನಾನು ಬಹಳ ವರ್ಷ ಮೈಸೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್ವೈಸರ್ ಆಗಿದ್ದವನು. ಅಲ್ಲಿ ನೋಡಿದ್ದನ್ನೇ ಹೇಳುತ್ತೇನೆ. ಕೆಲಸ ಗೊತ್ತಿಲ್ಲದೆ ಕೆಲಸ ಕೆಡೋದು ಕಡಿಮೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಕೆಡುತ್ತೆ. ರಾತ್ರಿ ಶಿಫ್ಟಿನವನು ಹೊರಡುವ ಆತುರದಲ್ಲಿರುತ್ತಾನೆ, ಬಸ್ ಹಿಡಿಯಬೇಕು. ಬೆಳಗಿನವನು ಇನ್ನೂ ಪೂರ್ತಿ ಎದ್ದಿರುವುದಿಲ್ಲ. ಇಬ್ಬರೂ ಎದುರಾಗುವ ಆ ಹತ್ತು ನಿಮಿಷದಲ್ಲಿ ಏನು ಹೇಳಿದರು, ಏನು ಬಿಟ್ಟರು ಅನ್ನೋದರ ಮೇಲೆ ಮುಂದಿನ ಎಂಟು ಗಂಟೆ ನಿಂತಿರುತ್ತೆ. ಆಫೀಸಾದರೂ ಅಷ್ಟೆ, ಆಸ್ಪತ್ರೆಯಾದರೂ ಅಷ್ಟೆ.

ಒಂದು ಲಾಗ್ ಬುಕ್ ಸಾಲು ಓದುತ್ತೇನೆ. ಅವತ್ತೇ ಬರೆದುಕೊಂಡದ್ದು. ‘ಮೂರನೇ ಮೆಷಿನ್ ಸ್ವಲ್ಪ ಸೌಂಡ್. ನೋಡಿಕೊಳ್ಳಿ.’ ಅಷ್ಟೇ. ಯಾವ ಕಡೆ ಸೌಂಡ್? ಯಾವಾಗಿಂದ? ಬೆಳಗಿನವನು ಬಂದು ಕಿವಿ ಕೊಟ್ಟು ಕೇಳಿದ, ಅವನಿಗೆ ಎಂದಿನ ಸೌಂಡೇ ಕೇಳಿಸಿತು. ‘ನೋಡಿಕೊಳ್ಳಿ’ ಅಂದಿದ್ದರು, ನೋಡಿದ. ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ಶಾಫ್ಟ್ ಹೋಯಿತು. ಯಾರು ಯಾರಿಗೆ ಏನು ಹೇಳಿದರು ಅನ್ನುವ ವಿಚಾರಣೆ ಮೆಷಿನ್ ರಿಪೇರಿಗಿಂತ ಜಾಸ್ತಿ ಹೊತ್ತು ನಡೆಯಿತು.

ಈಗ ಇನ್ನೊಂದು. ಇದನ್ನು ಬರೆದವರು ಪಾಂಡವಪುರದ ಕಡೆಯವರು, ಓದಿದ್ದು ಎಸ್ಸೆಸ್ಸೆಲ್ಸಿ. ‘ಮೂರನೇ ಮೆಷಿನ್. ರಾತ್ರಿ 3.40ರಿಂದ ಎಡಗಡೆ ಬೇರಿಂಗ್ ಹತ್ತಿರ ಕಿರ್ ಅಂತ ಶಬ್ದ. ಗ್ರೀಸ್ ಹಾಕಿದೆ, ನಿಲ್ಲಲಿಲ್ಲ. ಸ್ಪೀಡ್ ಇಳಿಸಿ ಓಡಿಸುತ್ತಿದ್ದೇನೆ. ಮೇಂಟೆನೆನ್ಸ್‌ಗೆ 4 ಗಂಟೆಗೆ ಹೇಳಿದೆ, 7ಕ್ಕೆ ಬರುತ್ತಾರೆ. ಅವರು ನೋಡುವವರೆಗೆ ಫುಲ್ ಸ್ಪೀಡ್ ಕೊಡಬೇಡಿ.’ ಇದರಲ್ಲಿ ಏನಾಯಿತು ಇದೆ, ತಾನು ಏನು ಮಾಡಿದೆ ಇದೆ, ಅದರಿಂದ ಉಪಯೋಗ ಆಯಿತೋ ಇಲ್ಲವೋ ಇದೆ, ಮುಂದೆ ಯಾರು ಯಾವಾಗ ಬರುತ್ತಾರೆ ಇದೆ. ಓದುವವನು ಏನು ಮಾಡಬಾರದು ಅನ್ನೋದೂ ಇದೆ. ಅವರಿಗೆ ಯಾರೂ ಟ್ರೈನಿಂಗ್ ಕೊಟ್ಟಿರಲಿಲ್ಲ. ಓದುವವನ ಜಾಗದಲ್ಲಿ ನಿಂತು ಬರೆದಿದ್ದರು, ಅಷ್ಟೇ ಗುಟ್ಟು.

ಮಂಡ್ಯದವರಿಗೆ ವರದಿ ಕೊಡೋದು ಹೇಗೆ ಅಂತ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಮಳೆಗಾಲ ಶುರುವಾದರೆ ಬೆಳಿಗ್ಗೆ ಪೇಪರ್ ತೆಗೆದು ಮೊದಲು ಎಲ್ಲಿ ನೋಡುತ್ತೀರಿ? ಕಟ್ಟೆ ಎಷ್ಟಾಯಿತು ಅಂತ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ. ಇಂದಿನ ಮಟ್ಟ ಇಷ್ಟು. ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಕ್ಯೂಸೆಕ್. ನಾಲ್ಕೇ ಅಂಕಿ. ಅದನ್ನು ನೋಡಿ ಶ್ರೀರಂಗಪಟ್ಟಣದವರು ಹೊಳೆ ಹತ್ತಿರ ಹೋಗಬೇಕೋ ಬೇಡವೋ ತೀರ್ಮಾನ ಮಾಡುತ್ತಾರೆ, ಮದ್ದೂರಿನ ರೈತರು ನಾಲೆಗೆ ನೀರು ಬರುತ್ತೋ ಇಲ್ವೋ ಲೆಕ್ಕ ಹಾಕುತ್ತಾರೆ, ರಾಜಕಾರಣಿಗಳು ಭಾಷಣ ತಯಾರು ಮಾಡಿಕೊಳ್ಳುತ್ತಾರೆ. ‘ಕಟ್ಟೆ ಪರವಾಗಿಲ್ಲ, ಚೆನ್ನಾಗೇ ತುಂಬ್ತಾ ಇದೆ’ ಅಂತ ಪೇಪರಿನಲ್ಲಿ ಬಂದಿದ್ದರೆ ಯಾರಿಗೆ ಏನು ಉಪಯೋಗ? ಆದರೆ ನಿಮ್ಮ ಮೇಲಿನವರು ‘ಕೆಲಸ ಎಲ್ಲಿಗೆ ಬಂತು?’ ಅಂತ ಕೇಳಿದಾಗ ನೀವು ಹೇಳೋದು ಅದನ್ನೇ. ‘ನಡೀತಾ ಇದೆ ಸಾರ್.’ ಒಟ್ಟು ಎಷ್ಟು, ಎಷ್ಟಾಯಿತು, ದಿನಕ್ಕೆ ಎಷ್ಟು ಬರುತ್ತಿದೆ, ಎಷ್ಟು ಹೋಗುತ್ತಿದೆ. ಸ್ಟೋರ್ಸ್ ಇರಲಿ, ಬ್ಯಾಂಕಿನ ಸಾಲದ ಫೈಲ್ ಇರಲಿ, ಈ ನಾಲ್ಕು ಇಟ್ಟುಕೊಂಡು ಉತ್ತರ ಕೊಡಿ. ಎರಡನೇ ಪ್ರಶ್ನೆ ಬರೋದೇ ಕಡಿಮೆ.

ಕಟ್ಟೆ ಹೆಸರು ತೆಗೆದ ಮೇಲೆ ವಿಶ್ವೇಶ್ವರಯ್ಯನವರ ಮೇಣದಬತ್ತಿ ಕಥೆ ಬರುತ್ತೆ ಅಂತ ಕಾಯುತ್ತಿದ್ದೀರಿ ಅನ್ಸುತ್ತೆ. ಹೇಳಲ್ಲ. ಅದನ್ನು ಎಲ್ಲ ಭಾಷಣದಲ್ಲೂ ಕೇಳಿದ್ದೀರಿ.

ಹೇಳುವವರ ಕಡೆ ಇದು. ಈಗ ಕೇಳುವವರ ಕಡೆ ಬರೋಣ.

ರೈಲ್ವೆ ಗೇಟ್ ಹತ್ತಿರ ನಿಂತು ಬೈದುಕೊಂಡವರು ಇಲ್ಲಿ ಎಲ್ಲರೂ ಇದ್ದೀರಿ. ಸಿಗ್ನಲ್ ಜೊತೆ ಜೋಡಿಸಿಲ್ಲದ ಗೇಟುಗಳಲ್ಲಿ ಕೆಲಸ ಹೇಗೆ ನಡೆಯುತ್ತೆ ಗೊತ್ತಾ? ಸ್ಟೇಷನ್ ಮಾಸ್ಟರ್ ಫೋನ್ ಮಾಡಿ ಗೇಟ್ ಮುಚ್ಚಲು ಹೇಳುತ್ತಾರೆ. ಗೇಟ್‌ಮನ್ ‘ಹ್ಞೂಂ, ಮುಚ್ಚಿದೆ’ ಅಂದರೆ ಸಾಲದು. ಅವರ ಹತ್ತಿರ ಒಂದು ಹಾಳೆ ಇರುತ್ತೆ, ಅದರಲ್ಲಿ ಅಂಕಿಗಳಿರುತ್ತವೆ. ಪ್ರೈವೇಟ್ ನಂಬರ್ ಅಂತಾರೆ. ಗೇಟ್ ಮುಚ್ಚಿ ಬೀಗ ಹಾಕಿ ಬಂದು ಆ ನಂಬರ್ ಹೇಳಬೇಕು, ಈ ಕಡೆಯವರು ಬರೆದುಕೊಳ್ಳಬೇಕು. ‘ಹ್ಞೂಂ’ ಅನ್ನೋ ಮಾತು ಬಾಯಿಂದ ತಾನಾಗಿಯೇ ಬಂದುಬಿಡುತ್ತೆ, ನಂಬರ್ ಹಾಗೆ ಬರಲ್ಲ. ಅದಕ್ಕೇ ಈ ವ್ಯವಸ್ಥೆ. ಮೈಸೂರಿನ ರೈಲು ಮ್ಯೂಸಿಯಂಗೆ ಹೋದರೆ ಬರೀ ಎಂಜಿನ್ ಮುಂದೆ ಸೆಲ್ಫಿ ತೆಗೆದುಕೊಂಡು ಬರಬೇಡಿ. ಹಳೇ ಸಿಗ್ನಲ್ ಸಾಮಾನುಗಳನ್ನೂ ನೋಡಿ. ಇನ್ನೊಬ್ಬರ ‘ಹ್ಞೂಂ’ ನಂಬಿ ಕೂರಬಾರದು ಅಂತ ಮನುಷ್ಯರು ಎಷ್ಟು ತಲೆ ಓಡಿಸಿದ್ದಾರೆ ಅಂತ ಗೊತ್ತಾಗುತ್ತೆ.

ವಿಮಾನದವರು ಇದನ್ನು ಬಹಳ ದೊಡ್ಡ ಬೆಲೆ ಕೊಟ್ಟು ಕಲಿತರು. 1977ರ ಮಾರ್ಚ್ 27. ಸ್ಪೇನ್ ದೇಶಕ್ಕೆ ಸೇರಿದ ಟೆನೆರಿಫ್ ಅನ್ನುವ ದ್ವೀಪ. ರನ್‌ವೇ ಮೇಲೆ ದಟ್ಟ ಮಂಜು. ಎರಡು ದೊಡ್ಡ ಬೋಯಿಂಗ್ 747 ವಿಮಾನಗಳು, ಒಂದು ಹಾಲೆಂಡಿನ ಕೆಎಲ್ಎಂ ಕಂಪನಿಯದು, ಇನ್ನೊಂದು ಅಮೆರಿಕದ ಪ್ಯಾನ್ ಅಮ್ ಕಂಪನಿಯದು. ಕೆಎಲ್ಎಂ ವಿಮಾನ ಹೊರಡಲು ತಯಾರಾಗಿ ನಿಂತಿತ್ತು, ಪ್ಯಾನ್ ಅಮ್ ಇನ್ನೂ ಅದೇ ರನ್‌ವೇ ಮೇಲಿತ್ತು. ಕೆಎಲ್ಎಂನಿಂದ ಟವರ್‌ಗೆ ಒಂದು ಸಂದೇಶ ಹೋಯಿತು. ಹೊರಡಲು ಸಿದ್ಧ ಅಂತಲೂ ಕೇಳಿಸಬಹುದು, ಹೊರಟಿದ್ದೇವೆ ಅಂತಲೂ ಕೇಳಿಸಬಹುದು, ಹಾಗಿತ್ತು ಮಾತು. ಟವರಿನಿಂದ ಮೊದಲು ಬಂದದ್ದು ‘ಓಕೆ’. ಆಮೇಲೆ ‘ನಿಲ್ಲಿ, ನಾನು ಕರೆಯುತ್ತೇನೆ’ ಅಂತ ಹೇಳುವಷ್ಟರಲ್ಲಿ ಪ್ಯಾನ್ ಅಮ್‌ನವರೂ ರೇಡಿಯೋದಲ್ಲಿ ಮಾತಾಡಿದರು. ಎರಡು ದನಿ ಒಂದೇ ಸಲ ಬಂದು ಕೆಎಲ್ಎಂ ಕಿವಿಗೆ ಬಿದ್ದದ್ದು ಬರೀ ಕೀರಲು ಸದ್ದು. ಕೆಎಲ್ಎಂ ಓಡಿಬಂದು ಪ್ಯಾನ್ ಅಮ್‌ಗೆ ಗುದ್ದಿತು. 583 ಜನ ಸತ್ತರು.

ಅದಕ್ಕಿಂತ ನನ್ನನ್ನು ಕಾಡೋದು ಇನ್ನೊಂದು ಸಂಗತಿ. ಕೆಎಲ್ಎಂ ವಿಮಾನ ಓಡಲು ಶುರು ಮಾಡಿದ ಮೇಲೆ ಅದರ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು. ಪ್ಯಾನ್ ಅಮ್ ಇನ್ನೂ ಜಾಗ ಬಿಟ್ಟಿಲ್ಲವಾ ಅಂತ ಕೇಳಿದರು. ಕ್ಯಾಪ್ಟನ್ ಬಿಟ್ಟಿದೆ ಅಂತ ಖಡಾಖಂಡಿತವಾಗಿ ಹೇಳಿದರು. ಕ್ಯಾಪ್ಟನ್ ಬಹಳ ಸೀನಿಯರ್, ಬೇರೆ ಪೈಲಟ್‌ಗಳಿಗೆ ತರಬೇತಿ ಕೊಡುವವರು. ಮತ್ತೆ ಯಾರೂ ಕೇಳಲಿಲ್ಲ. ದೊಡ್ಡವರು ಹೇಳಿದ ಮೇಲೆ ಮತ್ತೆ ಕೇಳೋದು ಮರ್ಯಾದೆ ಅಲ್ಲ ಅನ್ನೋದು ನಮ್ಮೂರಿನದು ಮಾತ್ರ ಅಂದುಕೊಂಡಿದ್ದಿರಾ? ಹಾಲೆಂಡಿನಲ್ಲೂ ಇತ್ತು.

ಆಮೇಲೆ ನಿಯಮ ಬಿಗಿ ಮಾಡಿದರು. ವಿಮಾನಕ್ಕೆ ಸೂಚನೆ ಕೊಟ್ಟರೆ ‘ಓಕೆ’ ಅನ್ನೋ ಹಾಗಿಲ್ಲ, ಸೂಚನೆಯನ್ನು ತಿರುಗಿ ಹೇಳಬೇಕು. ನೀವು ಇದನ್ನು ನಾಳೆ ಬೆಳಿಗ್ಗೆಯಿಂದಲೇ ಮಾಡಬಹುದು. ಮೇಲಿನವರು ‘ಆ ಪೈಪ್ ನಾಳೆ ಕಳಿಸಿಬಿಡಪ್ಪ’ ಅಂದರು ಅಂತಿಟ್ಟುಕೊಳ್ಳಿ. ‘ಆಯ್ತು ಸಾರ್’ ಅಂತ ಫೋನ್ ಇಡಬೇಡಿ. ‘ಎರಡಿಂಚಿನ ಪೈಪ್, ಇಪ್ಪತ್ತು, ನಂಜನಗೂಡಿಗೆ, ನಾಳೆ ಹನ್ನೆರಡರೊಳಗೆ. ಸರೀನಾ ಸಾರ್?’ ಐದು ಸೆಕೆಂಡಿನ ಮಾತು. ಬಹಳ ಸಲ ಆ ಕಡೆಯಿಂದ ‘ಏಯ್, ಎರಡಲ್ಲ, ಮೂರಿಂಚು’ ಅಂತ ಬರುತ್ತೆ. ಅವರೇ ತಪ್ಪು ಹೇಳಿರುತ್ತಾರೆ. ನೀವು ಅದನ್ನು ತೋರಿಸಿದ ಹಾಗೂ ಆಗಲ್ಲ, ಅವರೇ ತಿದ್ದಿಕೊಂಡ ಹಾಗಾಗುತ್ತೆ. ಇದಕ್ಕಿಂತ ವಿನಯ ಇನ್ನೇನು ಬೇಕು?

ಕಿರಿಯರ ಬಾಯಿ ತೆರೆಸೋದು ಹೇಗೆ ಅನ್ನೋದಕ್ಕೆ ಆಸ್ಪತ್ರೆಯವರ ಹತ್ತಿರ ಒಂದು ಉಪಾಯ ಇದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್‌ಗೆ ಒಂದು ಚೆಕ್‌ಲಿಸ್ಟ್ ತಂದಿತು, 19 ಅಂಶಗಳದ್ದು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡಿದರು. ಅಲ್ಲಿ ಆಪರೇಷನ್ ನಂತರದ ಸಾವು ಶೇ. 1.5ರಿಂದ ಶೇ. 0.8ಕ್ಕೆ ಇಳಿಯಿತು ಅಂತ 2009ರಲ್ಲಿ ವರದಿ ಬಂತು. ಅದರಲ್ಲಿ ಒಂದು ಅಂಶ ಏನು ಗೊತ್ತಾ? ಚಾಕು ಹಿಡಿಯೋ ಮೊದಲು ರೂಮಿನಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಬೇಕು. ಒಮ್ಮೆ ಬಾಯಿ ಬಿಟ್ಟ ನರ್ಸ್, ಅನುಮಾನ ಬಂದಾಗ ಇನ್ನೊಮ್ಮೆ ಬಾಯಿ ಬಿಡುತ್ತಾರೆ. ಮೀಟಿಂಗ್ ನಡೆಸುವವರು ಇಲ್ಲಿದ್ದರೆ ಇದನ್ನು ಬರೆದುಕೊಳ್ಳಿ. ಮೊದಲ ಐದು ನಿಮಿಷದಲ್ಲಿ ಹೊಸ ಹುಡುಗಿಯ ಕೈಲಿ ಏನಾದರೂ ಒಂದು ಮಾತಾಡಿಸಿ.

ಈಗ ನಮ್ಮ ಕಡೆಯ ದೊಡ್ಡ ಕಾಯಿಲೆಗೆ ಬರುತ್ತೇನೆ. ಕೆಟ್ಟ ಸುದ್ದಿಯನ್ನು ಕೊನೇವರೆಗೂ ಬಚ್ಚಿಡೋದು. ಶುಕ್ರವಾರ ಕೊಡಬೇಕಾದ ಕೆಲಸ ಆಗಲ್ಲ ಅಂತ ಮಂಗಳವಾರವೇ ಗೊತ್ತಿರುತ್ತೆ. ಬುಧವಾರ ‘ನೋಡೋಣ, ಹೆಂಗೋ ಆಗಬಹುದು’. ಗುರುವಾರ ಮೇಲಿನವರು ಎದುರು ಬಂದರೆ ಕ್ಯಾಂಟೀನ್ ಕಡೆ ತಿರುಗೋದು. ಶುಕ್ರವಾರ ಸಂಜೆ ಐದಕ್ಕೆ ‘ಸಾರ್, ಒಂದು ಸಣ್ಣ ಪ್ರಾಬ್ಲಂ’. ಸುಳ್ಳು ಹೇಳಬೇಕು ಅಂತ ಯಾರೂ ಹೀಗೆ ಮಾಡಲ್ಲ. ಅವರ ಮುಖ ಬಾಡೋದನ್ನು ನೋಡೋಕೆ ಆಗಲ್ಲ, ಬೈಸಿಕೊಳ್ಳೋಕೆ ಇಷ್ಟ ಇಲ್ಲ. ಆದರೆ ಮಂಗಳವಾರ ಹೇಳಿದ್ದರೆ ಅವರ ಕೈಲಿ ಮೂರು ದಿನ ಇರುತ್ತಿತ್ತು, ಇನ್ನಿಬ್ಬರನ್ನು ಹಾಕುತ್ತಿದ್ದರು, ಗಿರಾಕಿಗೆ ಫೋನ್ ಮಾಡುತ್ತಿದ್ದರು. ಶುಕ್ರವಾರ ಸಂಜೆ ಅವರಿಗೆ ಬೈಯೋದು ಬಿಟ್ಟು ಬೇರೆ ಕೆಲಸ ನೀವು ಉಳಿಸಿರುವುದಿಲ್ಲ.

ಕಬ್ಬು ಬೆಳೆಯುವ ಮನೆಯವರಿಗೆ ಇದನ್ನು ವಿವರಿಸೋದೇ ಬೇಡ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದಾಗಿನಿಂದ ನೋಡಿಕೊಂಡು ಬಂದಿದ್ದೀರಿ. ಕಡಿದ ಕಬ್ಬು ಬಿಸಿಲಿನಲ್ಲಿ ನಿಂತಷ್ಟೂ ತೂಕ ಇಳಿಯುತ್ತೆ, ಸಕ್ಕರೆ ಅಂಶವೂ ಇಳಿಯುತ್ತೆ. ಯಾವುದೇ ಕಾರ್ಖಾನೆಯಲ್ಲಿ ಅರೆಯೋದು ಎರಡು ದಿನ ನಿಲ್ಲುತ್ತೆ ಅನ್ನೋ ಸುದ್ದಿ ಕಟಾವಿಗೆ ಮೊದಲು ಹೊಲಕ್ಕೆ ಬಂದರೆ ನಷ್ಟ ಕಡಿಮೆ, ಕಬ್ಬು ನೆಲದಲ್ಲೇ ಇರುತ್ತೆ. ಟ್ರ್ಯಾಕ್ಟರ್ ಗೇಟಿನ ಮುಂದೆ ಸಾಲಿನಲ್ಲಿ ನಿಂತ ಮೇಲೆ ಬಂದರೆ? ಸುದ್ದಿ ಅದೇ, ಯಾವಾಗ ಬಂತು ಅನ್ನೋದಷ್ಟೇ ಬೇರೆ.

ಬಿಡದಿಯಲ್ಲಿ ಟೊಯೋಟಾ ಇದೆಯಲ್ಲ, ಆ ಕಂಪನಿ ಜಪಾನಿನಲ್ಲಿ ಬೆಳೆಸಿದ ಒಂದು ಪದ್ಧತಿಗೆ ಆಂಡಾನ್ ಅಂತ ಹೆಸರು. ಲೈನಿನಲ್ಲಿ ಕೆಲಸ ಮಾಡುವವರ ಕೈಗೆ ಸಿಗುವ ಹಾಗೆ ಒಂದು ಹಗ್ಗ. ಬೋಲ್ಟ್ ಸರಿಯಾಗಿ ಕೂರಲಿಲ್ಲ ಅಂದರೆ ಎಳೆಯಬೇಕು. ದೀಪ ಹತ್ತುತ್ತೆ, ಟೀಮ್ ಲೀಡರ್ ಬರುತ್ತಾರೆ. ಗಾಡಿ ಆ ಜಾಗ ದಾಟುವುದರೊಳಗೆ ಸರಿಹೋಗದಿದ್ದರೆ ಲೈನ್ ನಿಲ್ಲುತ್ತೆ. ಹಗ್ಗ ಕಟ್ಟೋದು ಸುಲಭ, ಯಾವ ಕಾರ್ಖಾನೆಯೂ ಒಂದು ದಿನದಲ್ಲಿ ಕಟ್ಟಬಹುದು. ಎಳೆದವನಿಗೆ ಬಂದವರು ಮೊದಲು ಏನಂತಾರೆ ಅನ್ನೋದರ ಮೇಲೆ ಎಲ್ಲಾ ಇದೆ. ‘ಏನಾಯ್ತು, ತೋರಿಸು’ ಅಂದರೆ ನಾಳೆಯೂ ಎಳೆಯುತ್ತಾನೆ. ‘ನಿಂದೊಂದು ಗೋಳು’ ಅಂದರೆ ಬೋಲ್ಟ್ ಮೇಲೆ ಒಂದು ಏಟು ಹಾಕಿ ಮುಂದಕ್ಕೆ ಕಳಿಸುತ್ತಾನೆ. ಹಿಂದಿನ ಸಾಲಿನಲ್ಲಿ ಕೂತಿರುವ ಹಿರಿಯರಿಗೆ ಹೇಳುತ್ತಿದ್ದೇನೆ. ನಿಮ್ಮ ಹುಡುಗರು ನಿಮಗೆ ಏನೂ ಹೇಳಲ್ಲ ಅಂತ ದೂರುವ ಮೊದಲು, ಕಳೆದ ಸಲ ಹೇಳಿದವನಿಗೆ ಏನಾಯಿತು ಅಂತ ನೆನಪು ಮಾಡಿಕೊಳ್ಳಿ.

ವಾಟ್ಸಾಪ್ ಬಗ್ಗೆ ಎರಡು ಮಾತು. ‘ಹಾಯ್ ಸಾರ್’ ಅಂತ ಹಾಕಿ ಕಾಯಬೇಡಿ. ಅವರು ಅರ್ಧ ಗಂಟೆ ಬಿಟ್ಟು ‘ಹೇಳಿ’ ಅಂತಾರೆ, ಅಷ್ಟು ಹೊತ್ತಿಗೆ ನೀವು ಊಟಕ್ಕೆ ಹೋಗಿರುತ್ತೀರಿ. ಒಂದೇ ಮೆಸೇಜಿನಲ್ಲಿ ಮುಗಿಸಿ. ‘ನಮಸ್ಕಾರ ಸಾರ್. ಶನಿವಾರದ ಲೋಡ್‌ಗೆ ಡ್ರೈವರ್ ಇಲ್ಲ. ಭಾನುವಾರ ಬೆಳಿಗ್ಗೆ ಕಳಿಸಬಹುದಾ, ಇಲ್ಲಾ ಹೊರಗಿನ ಗಾಡಿ ಮಾಡಲಾ? ನಾಲ್ಕರೊಳಗೆ ತಿಳಿಸಿದರೆ ಗಾಡಿ ಸಿಗುತ್ತೆ.’ ಅವರು ಒಂದು ಪದದಲ್ಲಿ ಉತ್ತರ ಕೊಡುವ ಹಾಗಿರಬೇಕು. ಆಮೇಲೆ ವಾಯ್ಸ್ ನೋಟ್. ಮೀಟಿಂಗಿನಲ್ಲಿ ಕೂತವರು ಮೂರು ನಿಮಿಷದ ವಾಯ್ಸ್ ನೋಟ್ ಕೇಳೋಕಾಗುತ್ತಾ? ಗುಡ್ ಮಾರ್ನಿಂಗ್ ಹೂವಿನ ಚಿತ್ರದ ಬಗ್ಗೆ ನಾನೇನೂ ಹೇಳಲ್ಲ, ನನ್ನ ಸಂಬಂಧಿಕರೂ ಕಳಿಸುತ್ತಾರೆ.

ಇಷ್ಟೆಲ್ಲ ಕೇಳಿ ‘ಸೋಮವಾರದಿಂದ ಶುರು’ ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೀರಿ. 21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗುತ್ತೆ ಅಂತ ಯಾರೋ ಹೇಳಿರುತ್ತಾರೆ. ಆ 21ರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನುವ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಆಪರೇಷನ್ ಆದವರಿಗೆ ಹೊಸ ಮುಖ ಒಗ್ಗೋದಕ್ಕೆ ಕನಿಷ್ಠ 21 ದಿನ ಬೇಕು ಅಂತ 1960ರಲ್ಲಿ ಬರೆದರು. ಬಾಯಿಂದ ಬಾಯಿಗೆ ‘ಕನಿಷ್ಠ’ ಉದುರಿಹೋಯಿತು, ಮುಖ ಹೋಗಿ ಅಭ್ಯಾಸ ಬಂತು. ಅಳೆದು ನೋಡಿದವರು ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಯವರು. 96 ಜನರನ್ನು ಗಮನಿಸಿದರು. ಒಂದು ಸಣ್ಣ ಕೆಲಸ ತಾನಾಗಿಯೇ ಆಗುವಂತಾಗಲು ಸುಮಾರು 66 ದಿನ ಬೇಕಾಯಿತು. ಕೆಲವರ ಲೆಕ್ಕ 18 ದಿನಕ್ಕೆ ಬಂದರೆ ಕೆಲವರದು 254ರವರೆಗೆ ಹೋಯಿತು. ಒಂದು ಸಮಾಧಾನದ ವಿಷಯವೂ ಸಿಕ್ಕಿತು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲ್ಲ. ನಮ್ಮವರು ಹಬ್ಬಕ್ಕೆ ಊರಿಗೆ ಹೋಗಿ ಒಂದು ದಿನ ತಪ್ಪಿಸಿ, ‘ಹೋಯ್ತು ಬಿಡು’ ಅಂತ ಪೂರ್ತಿ ಕೈಬಿಡುತ್ತಾರಲ್ಲ, ಅದು ಬೇಡ.

ಹಾಗಾದರೆ ಹೇಗೆ ಶುರು ಮಾಡೋದು? ಈಗಾಗಲೇ ದಿನಾ ಆಗುವ ಯಾವುದಾದರೂ ಒಂದಕ್ಕೆ ಇದನ್ನು ಕಟ್ಟಿಹಾಕಿ. ಪೀಟರ್ ಗೋಲ್‌ವಿಟ್ಸರ್ ಅನ್ನುವ ಜರ್ಮನ್ ಮನಶ್ಶಾಸ್ತ್ರಜ್ಞರು ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ‘ಇನ್ಮೇಲೆ ಬರೆದಿಡುತ್ತೇನೆ’ ಅನ್ನುವವರಿಗಿಂತ, ‘ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ’ ಅನ್ನುವವರು ಹೆಚ್ಚು ಮಾಡುತ್ತಾರೆ. ಮಂಡ್ಯದಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರು ಎಷ್ಟು ಜನ ಇದ್ದೀರಿ? ವಾಪಸ್ ಬರುವಾಗ ರೈಲು ಕೆಂಗೇರಿ ದಾಟಿದ ಕೂಡಲೇ ಸಣ್ಣ ನೋಟ್‌ಬುಕ್ ತೆಗೆಯಿರಿ. ಇವತ್ತು ಯಾರಿಗೆ ಏನು ಹೇಳಬೇಕಿತ್ತು, ಹೇಳಿಲ್ಲ? ನಾಳೆ ಮೊದಲು ಮುಟ್ಟೋ ಕೆಲಸ ಯಾವುದು? ಎರಡೇ ಸಾಲು. ಸೀಟು ಸಿಕ್ಕಿಲ್ಲ ಅಂದರೆ ಫೋನಿನಲ್ಲೇ ಬರೆಯಿರಿ. ಆಮೇಲೆ ಬಿಡದಿ ಬರುವಷ್ಟರಲ್ಲಿ ನಿದ್ದೆ ಮಾಡಿ. ರೈಲಿನಲ್ಲಿ ನಿದ್ದೆ ಮಾಡೋದು ಸೋಮಾರಿತನ ಅಂತ ಹೇಳೋ ಭಾಷಣಕಾರರು ಬೆಳಿಗ್ಗೆ ಐದಕ್ಕೆ ಎದ್ದು ಟಿಫನ್ ಡಬ್ಬಿ ಕಟ್ಟಿಕೊಂಡು ಓಡಿದವರಲ್ಲ.

ಇನ್ನು ಪ್ರಶ್ನೆಗಳು.

ಹಿಂದಿನಿಂದ ಒಬ್ಬರು ಕೇಳುತ್ತಿದ್ದಾರೆ: ‘ನೀವು ಏನೇ ಹೇಳಿದರೂ ಇಂಟರ್‌ವ್ಯೂನಲ್ಲಿ ಇಂಗ್ಲಿಷ್ ಕೇಳುತ್ತಾರಲ್ಲ?’ ಕೇಳುತ್ತಾರೆ. ಇಂಗ್ಲಿಷ್ ಬೇಡ ಅಂತ ನಾನು ಹೇಳಿಲ್ಲ. ಬರದಿದ್ದರೆ ಕಲಿಯಿರಿ, ಬೇಗ ಕಲಿಯಿರಿ. ಆದರೆ ಇಡೀ ಭಾಷೆ ಕಲಿತು ಮುಗಿಸಿ ಆಮೇಲೆ ಬಾಯಿ ಬಿಡುತ್ತೇನೆ ಅಂತ ಕೂರಬೇಡಿ. ನಿಮ್ಮ ಪ್ರಾಜೆಕ್ಟ್ ಇದೆಯಲ್ಲ, ಅದನ್ನು ಮೊದಲು ಕನ್ನಡದಲ್ಲಿ ನಿಮ್ಮ ಅಮ್ಮನಿಗೆ ಅರ್ಥವಾಗುವ ಹಾಗೆ ಹೇಳಿ. ಏನು ಮಾಡಿದಿರಿ, ಯಾಕೆ, ಎಲ್ಲಿ ಕೈಕೊಟ್ಟಿತು, ಹೇಗೆ ಸರಿಮಾಡಿದಿರಿ. ಅವರಿಗೆ ಅರ್ಥ ಆಯಿತು ಅಂದರೆ, ಅದೇ ಎಂಟು ವಾಕ್ಯವನ್ನು ಇಂಗ್ಲಿಷಿಗೆ ಹಾಕಿ ಬಾಯಿಪಾಠ ಆಗುವಷ್ಟು ಹೇಳಿಕೊಳ್ಳಿ. ಎದುರಿಗೆ ಕೂತು ಇಂಟರ್‌ವ್ಯೂ ಮಾಡಿದವನಾಗಿ ಹೇಳುತ್ತೇನೆ, ವ್ಯಾಕರಣ ತಪ್ಪಿದ್ದು ನಮಗೆ ಆಮೇಲೆ ನೆನಪಿರಲ್ಲ. ತಾನು ಮಾಡಿದ ಪ್ರಾಜೆಕ್ಟ್ ತನಗೇ ಗೊತ್ತಿಲ್ಲದ ಹುಡುಗ ಮಾತ್ರ ನೆನಪಿರುತ್ತಾನೆ.

ಮುಂದಿನ ಸಾಲಿನ ಹುಡುಗಿ, ಕೆಲಸಕ್ಕೆ ಸೇರಿ ಇನ್ನೂ ವರ್ಷ ಆಗಿಲ್ಲವಂತೆ. ‘ನನ್ನ ಕೆಲಸ ಮುಗಿಯೋ ಹೊತ್ತಿಗೆ ಬೇರೆಯವರ ಕೆಲಸ ತಂದು ಟೇಬಲ್ ಮೇಲೆ ಇಡುತ್ತಾರೆ. ಇಲ್ಲ ಅನ್ನೋಕೆ ಆಗಲ್ಲ. ಏನು ಮಾಡಲಿ?’ ಇಲ್ಲ ಅನ್ನಬೇಡಮ್ಮ. ಹೊಸಬರು ಇಲ್ಲ ಅಂದರೆ ಎಲ್ಲ ಕಡೆ ನಡೆಯಲ್ಲ. ‘ಮಾಡುತ್ತೇನೆ ಸಾರ್. ಇದನ್ನು ಈಗ ತಗೊಂಡರೆ ಸ್ಟಾಕ್ ರಿಪೋರ್ಟ್ ನಾಳೆ ಹನ್ನೊಂದಕ್ಕೆ ಹೋಗುತ್ತೆ. ಯಾವುದು ಮೊದಲು ಬೇಕು?’ ಅಂತ ಕೇಳು. ತೀರ್ಮಾನ ಅವರ ಕೈಗೆ ಹೋಯಿತು. ‘ಎರಡೂ ಇವತ್ತೇ ಬೇಕು ಅಂದರೆ?’ ಅಂತೀಯಾ. ಅಂತಾರೆ, ನಗಬೇಡಿ, ಅಂದೇ ಅಂತಾರೆ. ಆಗ ಯಾವುದು ಎಷ್ಟು ಗಂಟೆಗೆ ಮುಗಿಯುತ್ತೆ ಅಂತ ನಿಜವಾದ ಹೊತ್ತು ಬರೆದು, ಅವರು ಅಲ್ಲಿರುವಾಗಲೇ ಮೆಸೇಜ್ ಹಾಕು. ಹೊತ್ತಿನ ಲೆಕ್ಕ ಕಣ್ಣಮುಂದೆ ಬಂದರೆ ಎಷ್ಟೋ ಜನ ತಾವಾಗಿಯೇ ಒಂದನ್ನು ವಾಪಸ್ ತಗೊಳ್ಳುತ್ತಾರೆ. ತಗೊಳ್ಳದಿದ್ದರೂ ನಾಳೆ ‘ಯಾಕೆ ಲೇಟು?’ ಅಂತ ಮೀಟಿಂಗಿನಲ್ಲಿ ಕೇಳಿದಾಗ, ಆ ಮೆಸೇಜ್ ನಿನ್ನ ಫೋನಿನಲ್ಲೂ ಇರುತ್ತೆ, ಅವರ ಫೋನಿನಲ್ಲೂ ಇರುತ್ತೆ.